ಹಾವಿನ ಮಂತ್ರ, ಚೇಳಿನ ಮಂತ್ರ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಸೋದರಮಾವನ ಹೆಂಡತಿ ಸಾಕವ್ವ ಅತ್ತೆ. ನಾನಾಗ ಚಿಕ್ಕವನು, ಅದು ಶೇಂಗಾ ಸುಲಿಯುವ ಮಧ್ಯಾಹ್ನ.

ಮೊನ್ನೆ ಮುಂಬಯಿಯಲ್ಲಿ, ನಮ್ಮ ಭಾಂಡುಪಿನ ಮನೆಯಲ್ಲಿ, ಮೊಮ್ಮಗ ಗೆಳೆಯನೊಡನೆ ದಾಳ ಉರುಳಿಸುತ್ತ ಮಾಂತ್ರಿಕರ ಆಟಕ್ಕೆ ಕೂತಿದ್ದ. ಅವರವರ ಪಾತ್ರದ ಮಂತ್ರಗಳನ್ನು ಅವರವರ ಶೀಟಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುವ ಆಟ ಅದು.

"ಅಜ್ಜಾ, ನಾನು ಜಾದೂಗಾರ, ಇವ ಪೂಜಾರಿ. ಗಾಯ ವಾಸಿ ಮಾಡೋ ಇವನ ಮಂತ್ರ ನನ್ನ ಶೀಟ್‌ನಲ್ಲಿ ಕಾಪಿ ಮಾಡ್ದೆ!"

"ಬ್ಯಾಡಪಾ," ಎಂದು ಅತ್ತೆಯ ಕಥೆ ಹೇಳಿದೆ.

ಅತ್ತೆಯ ಅಪ್ಪನಿಗೆ ಚೇಳಿನ ವಿಷ ಇಳಿಸುವ ಮಂತ್ರ ಬರುತ್ತಿತ್ತು, ಪಕ್ಕದ ಮನೆಯ ಭೀಮಣ್ಣನಿಗೆ ಹಾವಿನದು. ಹಾವಿನ ಮಂತ್ರದವರು ಪಡವಲಕಾಯಿ ಮುಟ್ಟುವಂತಿಲ್ಲ; ಅದು ಆ ಮಂತ್ರದ ವ್ರತ, ಮುರಿದರೆ ಮಂತ್ರ ಫಲಿಸುವುದಿಲ್ಲ. ಗೆಳೆತನದ ಸಲಿಗೆಯಲ್ಲಿ ಇಬ್ಬರೂ ಮಂತ್ರ ಬದಲಾಯಿಸಿಕೊಂಡರು. ಬರೀ ಮಾತು ಕೈ ಬದಲಾಯಿತು, ವ್ರತವಲ್ಲ.

ಭೀಮಣ್ಣ ಸಂತೆಗೆ ಹೋದ ದಿನ ಅವನ ಮಗಳಿಗೆ ಹಾವು ಕಚ್ಚಿತು. ಅವಳನ್ನು ಎತ್ತಿ ತಂದಾಗ ಅತ್ತೆಯ ಅಪ್ಪ ಊಟಕ್ಕೆ ಕೂತಿದ್ದ. ತಾಟಿನಲ್ಲಿ ಪಡವಲಕಾಯಿ ಪಲ್ಯ. ಎದ್ದವನೇ ಒಂದಕ್ಷರ ತಪ್ಪದೆ ಮಂತ್ರ ಹೇಳಿದ, ಮತ್ತೆ ಹೇಳಿದ, ದನಿ ಹೋಗುವತನಕ ಹೇಳಿದ.

ಅಂದು ಕಥೆ ಇಲ್ಲಿಗೆ ಬಂದಾಗ ಶೇಂಗಾ ಸಿಪ್ಪೆ ಒಡೆಯುತ್ತಿದ್ದ ಅತ್ತೆಯ ಹೆಬ್ಬೆರಳು ನಿಂತಿತ್ತು.

"ಆಮ್ಯಾಲ?" ಎಂದಿದ್ದೆ ನಾನು.

"ಆಮ್ಯಾಲ ಏನೋ? ಆಕಿ ನನ್ನ ಗೆಳತಿ. ನನ್ನ ಕೈ ಹಿಡಕೊಂಡಿದ್ಲು. ಆ ಕೈ ತಣ್ಣಗಾತು."

"ಅಜ್ಜಾ, ಯೇ ತೋ ಗೇಮ್ ಹೈ, ಬರೀ ಆಟ," ಎಂದು ನನ್ನ ಕಥೆ ಮುಗಿದಾಗ ಮೊಮ್ಮಗ ನಕ್ಕ. ಗೆಳೆಯ ನಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಕೂತು, ಶೀಟಿನ ಮೇಲಿನ ಆ ಮಂತ್ರವನ್ನು ರಬ್ಬರಿನಿಂದ ಉಜ್ಜುತ್ತಿದ್ದರು. ಪೆನ್ಸಿಲ್ ಒತ್ತಿದ ಗೆರೆ ಮಾತ್ರ ಹೋಗಲಿಲ್ಲ.