ಶಿಗ್ಲಿ ಎಂದು ಬರೆಯಬೇಡ

ನನ್ನ ಅಕ್ಷರ ದುಂಡಗಿದೆ ಎಂದು ಮನೆಯವರೆಲ್ಲ ಹೊಗಳುತ್ತಿದ್ದರು. ಬೆಟಗೇರಿಯ ಒಂದು ಶಾಲೆಯಲ್ಲಿ ನಾನು ಅಕ್ಕೋರು, ಅಂದರೆ ಶಿಕ್ಷಕಿ. ಉರ್ದು, ಕನ್ನಡ ಎರಡೂ ಬರೆಯಬಲ್ಲವಳು ಮನೆತನದಲ್ಲಿ ನಾನೊಬ್ಬಳೇ ಆಗಿದ್ದರಿಂದ ಮದುವೆಯ ಕರೆಯೋಲೆಯಿಂದ ಹಿಡಿದು ಸಾವಿನ ಸುದ್ದಿಯವರೆಗೆ ಎಲ್ಲ ಕಾಗದವೂ ನನ್ನ ಕೈಯಿಂದಲೇ ಹೋಗಬೇಕಿತ್ತು. ಅದರ ಜಂಬವೂ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕರಾಚಿಯಲ್ಲಿದ್ದ ಖಾಲಾಗೆ, ಅಂದರೆ ನನ್ನ ತಾಯಿಯ ತಂಗಿಗೆ, ಅದೇ ದುಂಡು ಅಕ್ಷರದಲ್ಲಿ ಒಂದು ಕಾಗದ ಬರೆದೆ. ಅದರಲ್ಲಿ ಹೀಗಿತ್ತು: "ವೀಸಾ ಅರ್ಜಿಯಲ್ಲಿ ಶಿಗ್ಲಿ ಎಂದು ಬರೆಯಬೇಡ. ನಮ್ಮ ಮನೆಯ ವಿಳಾಸ ಕೊಡು, ಗದಗ-ಬೆಟಗೇರಿ ಎಂದಷ್ಟೇ ಬರಿ. ಇಲ್ಲಿಗೆ ಬಂದು ಮುಟ್ಟಿದರೆ ಶಿಗ್ಲಿ ಏನು ದೂರ?"

ಹಾಗೆ ಬರೆಯಲು ಕಾರಣವಿತ್ತು. ಮೊದಲು ಖಾಲಾನ ಕಾಗದಗಳು ನೇರ ಶಿಗ್ಲಿಗೇ ಬರುತ್ತಿದ್ದವು. ಅಲ್ಲಿ ನನ್ನ ನಾನಿ, ತಾಯಿಯ ತಾಯಿ, ತನ್ನ ಮಗನ, ಅಂದರೆ ನನ್ನ ಮಾಮುವಿನ ಜೊತೆ ಇದ್ದಳು. ಒಮ್ಮೆ ಕರಾಚಿಯ ಅಂಚೆಚೀಟಿ ನೋಡಿ ಊರಲ್ಲಿ ಗುಸುಗುಸು ಎದ್ದಿತು. ಎರಡೇ ದಿನಕ್ಕೆ ಯಾರೋ ಬಂದು, ನಿಮಗೂ ಅವರಿಗೂ ಏನು ಸಂಬಂಧ, ಕಾಗದದಲ್ಲಿ ಏನು ಬರೆಯುತ್ತಾರೆ ಎಂದು ಮಾಮುವನ್ನು ಕೂರಿಸಿಕೊಂಡು ಕೇಳಿ ಹೋದರು. ಮಾಮು ಹೊಲ, ಎತ್ತು ಬಿಟ್ಟರೆ ಮತ್ತೊಂದು ತಿಳಿಯದ ಮನುಷ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ಅವತ್ತಿನಿಂದ ಕರಾಚಿಯ ಕಾಗದಗಳೆಲ್ಲ ನಮ್ಮ ಮನೆಗೆ ಬರತೊಡಗಿದವು. ನಾನು ಭಾನುವಾರ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಂದ ಶಿಗ್ಲಿಗೆ ಹೋಗಿ ನಾನಿಗೆ ಓದಿ ಹೇಳುತ್ತಿದ್ದೆ. ದೊಡ್ಡ ಊರಿನಲ್ಲಿ ಯಾರ ಮನೆಗೆ ಯಾವ ಕಾಗದ ಬಂತು ಎಂದು ಯಾರು ನೋಡುತ್ತಾರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ ಅದು. ವೀಸಾಕ್ಕೂ ಅದೇ ಉಪಾಯ ನಡೆಯುತ್ತದೆ ಎಂದುಕೊಂಡೆ.

ಖಾಲಾ ಬರಲೇಬೇಕಿತ್ತು. ಅದಕ್ಕೊಂದು ಹಳೆಯ ಮಾತು ಕಾರಣ. ಹದಿನೇಳರ ಹುಡುಗಿಯಾಗಿದ್ದ ಖಾಲಾನನ್ನು ನಾನಿ ಕರಾಚಿಯ ಸಂಬಂಧಿಕನಿಗೆ ಕೊಟ್ಟಳಂತೆ. ಹುಡುಗಿ ಒಲ್ಲೆ ಎಂದು ಅತ್ತಿದ್ದಳು, ನಾನಿ ಕೇಳಲಿಲ್ಲ. ಹೊರಡುವ ದಿನ ಹುಡುಗಿ ಹೊಸ್ತಿಲ ಮೇಲೆ ನಿಂತು, "ಅಮ್ಮಾ, ನೀ ನನ್ನ ಹೊರಗ ಹಾಕಿದಿ. ಇನ್ನ ನಾ ಈ ಹೊಸ್ತಲಾ ತುಳ್ಯಾಂಗಿಲ್ಲ" ಅಂದಳು. ಹೊಸ್ತಿಲ ಮೇಲೆ ನಿಂತು ಆಡಿದ ಮಾತು ಹತ್ತುತ್ತದೆ, ನಿಜವಾಗಿಯೇ ತೀರುತ್ತದೆ ಎಂದು ನಮ್ಮ ಕಡೆ ಹೆಂಗಸರು ನಂಬುತ್ತಾರೆ. ಆಮೇಲೆ ಯುದ್ಧಗಳಾದವು, ಹಾದಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ನಾನಿಗೆ ಮಾತ್ರ ಯುದ್ಧಗಳ ಮೇಲೆ ಸಿಟ್ಟಿರಲಿಲ್ಲ. ತಡೆದದ್ದು ಆ ಮಾತೇ ಎಂದು ಆಕೆಯ ಲೆಕ್ಕ.

ಆ ವರ್ಷ ನಾನಿ ಹಿತ್ತಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಮೊದಲೇ ಕಣ್ಣಿಗೆ ಪೊರೆ ಬಂದಿತ್ತು. ಇವರನ್ನು ಎತ್ತಿ ಎಲ್ಲಿಗೂ ಒಯ್ಯುವಂತಿಲ್ಲ ಎಂದು ಲಕ್ಷ್ಮೇಶ್ವರದ ಡಾಕ್ಟರು ಹೇಳಿಬಿಟ್ಟರು. ನಾನಿ ನನ್ನ ಕೈ ಹಿಡಿದು, "ಬರಿಯವ್ವ ಆಕಿಗೆ. ಒಮ್ಮೆ ಬಂದು ಹೊಸ್ತಲಾ ದಾಟಿ ಒಳಗ ಬರಲಿ. ಆಮ್ಯಾಲ ನಾ ಬೇಕಾದ್ರ ಸಾಯ್ತೀನಿ" ಅಂದಳು. ಅದಕ್ಕೇ ನಾನು ಬರೆದದ್ದು.

ಖಾಲಾ ಬಂದಳು. ಮುಂಬಯಿಯಲ್ಲಿ ಇಳಿದು, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಗದಗ ಮುಟ್ಟಿದಾಗ ಆಕೆಗೆ ನಿಲ್ಲಲೂ ತ್ರಾಣವಿರಲಿಲ್ಲ. ಆದರೂ ಸ್ಟೇಷನ್ನಿನಲ್ಲೇ ಕೇಳಿದಳು, "ಲಕ್ಷ್ಮೇಶ್ವರದ ಬಸ್ಸು ಎಷ್ಟಕ್ಕೈತಿ?" ಇಪ್ಪತ್ತೈದು ವರ್ಷ ದಾಟಿದರೂ ಕನ್ನಡ ನಮ್ಮದೇ. ಮನೆಯಲ್ಲಿ ಉರ್ದು, ಕನ್ನಡ ಕಲಸಿ ಆಡುತ್ತೇವೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಬಂದ ದಿನವೇ ಪೊಲೀಸ್ ಕಚೇರಿಗೆ ಹೋಗಿ ಹಾಜರಿ ಕೊಡಬೇಕಿತ್ತು. ಅಲ್ಲಿದ್ದ ಕಾರಕೂನರು ವಯಸ್ಸಾದವರು, ಒಳ್ಳೆಯವರು. ಹೆಸರು, ಗಂಡನ ಹೆಸರು, ಯಾಕೆ ಬಂದಿರಿ, ಯಾವಾಗ ಹೋಗುತ್ತೀರಿ, ಎಲ್ಲ ಬರೆದುಕೊಂಡರು. ನಾನು ಧೈರ್ಯದಿಂದ, "ನಾಳೆ ಶಿಗ್ಲಿಗೆ ಹೊಂಟೀವ್ರಿ, ಇವರ ತಾಯಿ ಅಲ್ಲಿ ಹಾಸಿಗಿ ಹಿಡದಾರ" ಅಂದೆ. ಅವರು ಪೆನ್ನು ಕೆಳಗಿಟ್ಟು ವೀಸಾದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಅಕ್ಕೋರ, ಇಲ್ಲಿ ಏನ ಬರದೈತಿ ಓದ್ರಿ."

"ಗದಗ-ಬೆಟಗೇರಿ."

"ಶಿಗ್ಲಿ ಎಲ್ಲೈತಿ?"

"ಇಲ್ಲೇ ರೀ, ಎರಡು ತಾಸಿನ ಹಾದಿ."

"ಹಾದಿ ನನಗೂ ಗೊತ್ತೈತಿ. ನಮ್ಮ ಬೀಗರು ಅಲ್ಲೇ ಅದಾರ. ಹಾಳ್ಯಾಗ ಎಲ್ಲೈತಿ ಅಂತ ಕೇಳಿದೆ."

ಹಾಳೆಯಲ್ಲಿ ಇನ್ನೂ ಎರಡು ಊರಿನ ಹೆಸರು ಬರೆಯುವಷ್ಟು ಜಾಗವಿತ್ತು. ಅರ್ಜಿ ಹಾಕುವಾಗಲೇ ಬರೆದಿದ್ದರೆ ಕೊಡುತ್ತಿದ್ದರು ಎಂದು ಅವರು ಹೇಳಿದರು. ಪಾಕಿಸ್ತಾನದಿಂದ ಬಂದವರು ವೀಸಾದಲ್ಲಿ ಬರೆದ ಊರು ಬಿಟ್ಟು ಬೇರೆಲ್ಲಿಗೂ ಹೋಗುವಂತಿಲ್ಲ, ಈಗ ಗದಗ-ಬೆಟಗೇರಿಯ ಗಡಿ ದಾಟಿದರೆ ಅಪರಾಧ. ಖಾಲಾ ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರು ಸೇರಿಸಿಕೊಡಿ ಎಂದು ಅರ್ಜಿ ಬರೆದೆ, ಮತ್ತೆ ಅದೇ ದುಂಡು ಅಕ್ಷರ. ಆಕೆ ಈಕೆಯ ತಾಯಿ ಎನ್ನುವುದಕ್ಕೆ ಪುರಾವೆ ಬೇಕು ಅಂದರು. ನಾನಿ ಹುಟ್ಟಿದ್ದಕ್ಕೂ ಕಾಗದವಿಲ್ಲ, ಖಾಲಾ ಹುಟ್ಟಿದ್ದಕ್ಕೂ ಇಲ್ಲ. ರೇಷನ್ ಕಾರ್ಡಿನಲ್ಲಿ ಖಾಲಾನ ಹೆಸರು ಇರಲು ಸಾಧ್ಯವೇ ಇಲ್ಲ. ಡಾಕ್ಟರ ಚೀಟಿ, ಊರ ಹಿರಿಯರ ಸಹಿ ಹಚ್ಚಿ ಕೊಟ್ಟೆವು. ಅದು ಧಾರವಾಡಕ್ಕೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ ಹೋಯಿತು, ಮುಂದೆ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ನಾನು ಕಚೇರಿಯ ಕಟ್ಟೆಗೆ ಹೋಗಿ ನಿಲ್ಲುತ್ತಿದ್ದೆ. ನನ್ನನ್ನು ಕಂಡೊಡನೆ ಕಾರಕೂನರು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದರು. ಪಾಪ, ಅವರಿಗೂ ಬೇಸರವಾಗುತ್ತಿತ್ತು.

ಮನೆಯೆದುರಿನ ಚಾದಂಗಡಿಯಲ್ಲಿ ಒಬ್ಬ ಅಪರಿಚಿತ ಬಂದು ಕೂರತೊಡಗಿದ. ಬೆಳಗಿನಿಂದ ಸಂಜೆಯವರೆಗೆ ಒಂದೇ ಪೇಪರ್ ಓದುತ್ತಿದ್ದ. ನನ್ನ ಶಾಲೆಯ ಒಂದನೇ ಇಯತ್ತೆಯವರೂ ಅಷ್ಟು ನಿಧಾನ ಓದುವುದಿಲ್ಲ. ಪಕ್ಕದ ಮನೆಯವರು ಮೊದಲೆರಡು ದಿನ ಖಾಲಾನ ಜೊತೆ ಹರಟೆಗೆ ಬಂದವರು ಅವನನ್ನು ಕಂಡಮೇಲೆ ಬರುವುದನ್ನು ಬಿಟ್ಟರು. ಖಾಲಾ ಒಂದು ದಿನ, "ಬುರ್ಖಾ ಹಾಕ್ಕೊಂಡು ಬಸ್ ಹತ್ತಿದ್ರ ಯಾರಿಗೆ ತಿಳೀತೈತಿ? ಒಂದು ತಾಸು ನೋಡಿ ಬಂದುಬಿಡ್ತೀನಿ" ಅಂದಳು. ನನ್ನ ತಾಯಿ ಆಕೆಯ ಕಾಲಿಗೆ ಬಿದ್ದಳು. ಸಿಕ್ಕಿಬಿದ್ದರೆ ಮಾಮುವನ್ನು ಒಯ್ಯುತ್ತಾರೆ, ನನ್ನ ನೌಕರಿ ಹೋಗುತ್ತದೆ, ಖಾಲಾ ಮತ್ತೆಂದೂ ಈ ದೇಶಕ್ಕೆ ಕಾಲಿಡುವಂತಿಲ್ಲ. ಅಕ್ಕ ತಂಗಿಯ ಕಾಲಿಗೆ ಬೀಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಖಾಲಾ ಬುರ್ಖಾ ಮಡಚಿಟ್ಟಳು.

ಅತ್ತ ಶಿಗ್ಲಿಯಲ್ಲಿ ಮೊದಲ ಭಾನುವಾರ ನಾನು ಖಾಲಾ ಬಂದ ಸುದ್ದಿ ಮುಟ್ಟಿಸಿದಾಗ ನಾನಿ ಮಲಗಿದಲ್ಲಿಂದಲೇ ಹುಕುಂ ಮಾಡಿ ಹೊಸ್ತಿಲು ತೊಳೆಸಿದಳು. ಎರಡನೇ ಭಾನುವಾರ ನಾನು ಮತ್ತೆ ಒಬ್ಬಳೇ ಹೋದೆ. ಆಕೆ ಗೋಡೆಯ ಕಡೆ ಮುಖ ಮಾಡಿದಳು. "ಸಾಯೋ ಮುದುಕಿಗೆ ಸಮಾಧಾನ ಮಾಡಾಕ ಹತ್ತೀರಿ. ಆಕಿ ಬಂದಿಲ್ಲ. ಬಂದಿದ್ರ ಗದಗಿನಾಗ ಕುಂತು ಏನ ಮಾಡ್ತಾಳ?"

ಕಚೇರಿಗೂ ಪುರಾವೆ ಬೇಕು, ನಾನಿಗೂ ಪುರಾವೆ ಬೇಕು. ಕಣ್ಣು ಕಾಣದವಳಿಗೆ ಫೋಟೋ ತೋರಿಸಿ ಏನು ಮಾಡಲಿ?

ಇದನ್ನು ಕೇಳಿ ಖಾಲಾ ಸೂಜಿ ದಾರ ಬೇಡಿದಳು. ತನ್ನ ಓಢಣಿಯ ಒಂದು ತುಂಡು, ನನ್ನ ತಾಯಿಯ ಹಳೆಯ ಇಳಕಲ್ ಸೀರೆಯ ಒಂದು ತುಂಡು ಕೂಡಿಸಿ, ನಮ್ಮ ಕಡೆ ಕೌದಿ ಹೊಲಿಯುವಂತೆ ಒತ್ತೊತ್ತಾಗಿ ಹೊಲಿಗೆ ಹಾಕಿ ತಲೆದಿಂಬಿನ ಗವಸು ಮಾಡಿದಳು. ಆಕೆ ಎಡಚಿ. ಎಡಗೈಯಲ್ಲಿ ಸೂಜಿ ಹಿಡಿದದ್ದಕ್ಕೆ ಸಣ್ಣವಳಿದ್ದಾಗ ನಾನಿಯಿಂದ ಬಹಳ ಏಟು ತಿಂದಿದ್ದಳಂತೆ. ನಾವು ಅಂಚು ಹೊಲಿದರೆ ಹೊಲಿಗೆ ಒಂದು ಕಡೆ ವಾಲುತ್ತದೆ, ಆಕೆಯದು ಅದಕ್ಕೆ ಎದುರು. "ಕೊಡು, ಅಮ್ಮನ ಬಳ್ಳಿಗೆ ಗೊತ್ತಾಗತೈತಿ" ಅಂದಳು. ಬಳ್ಳು ಅಂದರೆ ಬೆರಳು.

ಮೂರನೇ ಭಾನುವಾರ ಗವಸನ್ನು ನಾನಿಯ ಎದೆಯ ಮೇಲಿಟ್ಟೆ. ಆಕೆ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಬೆರಳು ಮೂಲೆಯಲ್ಲಿ ನಿಂತಿತು, ಮತ್ತೆ ಹಿಂದಕ್ಕೆ ಬಂತು. ಆಮೇಲೆ ನಕ್ಕಳು. "ಎಡಚಿ ಹೊಲಿಗಿ! ಎಷ್ಟು ಬಡದ್ರೂ ಸುಧಾರಸಲಿಲ್ಲ ನೋಡು. ಬಂದಾಳ, ನನ್ನ ಮಗಳು ಖರೆ ಬಂದಾಳ." ಗವಸನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಮಾಮುವೂ ಅತ್ತ. ನಾನು ಗೆದ್ದೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಆಕೆ ಕೇಳಿದಳು, "ಗದಗಿನಾಗ ಅದಾಳ?"

"ಹೂಂ ನಾನಿ."

"ಕೈಕಾಲು ಛಲೋ ಅದಾವ?"

"ಅದಾವ."

"ಹಂಗಾರ ಯಾಕ ಬರವಲ್ಲಳು?"

ನಾನು ವೀಸಾ ಅಂದೆ, ಕಚೇರಿ ಅಂದೆ, ಹಾಳೆಯಲ್ಲಿ ಊರು ಬರೆದಿಲ್ಲ ಅಂದೆ. ಮಕ್ಕಳಿಗೆ ಮಗ್ಗಿ ಕಲಿಸುವಂತೆ ಮೂರು ಸಲ ಹೇಳಿದೆ. "ಮಗಳು ತವರಮನಿಗೆ ಬರಾಕ ಯಾರ ಅಪ್ಪಣಿ ಬೇಕವ್ವ?" ಅಂದಳು ನಾನಿ. ಬೆಟಗೇರಿಗೆ ಮರಳಿ ಬಂದು ಖಾಲಾಗೆ ಅರ್ಧ ಮಾತ್ರ ಹೇಳಿದೆ, ನಕ್ಕದ್ದು, ಅತ್ತದ್ದು, ಬೈದದ್ದು. ಆಕೆ ಅದನ್ನೇ ನನ್ನಿಂದ ಎರಡೆರಡು ಸಲ ಹೇಳಿಸಿದಳು.

ವೀಸಾ ಇದ್ದ ಒಂದು ತಿಂಗಳು ಮುಗಿಯಿತು. ಅಪ್ಪಣೆ ಬರಲಿಲ್ಲ. ಕೊನೆಯ ದಿನ ಕಚೇರಿಗೆ ಹೋಗಿ ಹೊರಡುತ್ತೇವೆ ಎಂದು ಬರೆಸಬೇಕಿತ್ತು. ಕಾರಕೂನರು ಶಿಕ್ಕಾ ಒತ್ತಿ, "ತಾಯೀ, ಇನ್ನೊಮ್ಮೆ ಬರುವಾಗ ಶಿಗ್ಲಿ ಮೊದಲ ಬರೀರಿ" ಅಂದರು. ಖಾಲಾ ಅವರಿಗೆ ಕೈ ಮುಗಿದಳು. ಸ್ಟೇಷನ್ನಿನಲ್ಲಿ ಗಾಡಿ ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, "ನಾ ಆವತ್ತು ಅಂದಿದ್ದು ಅಮ್ಮಗ ನೆನಪೈತೇನ?"

"ಇಲ್ಲ ಖಾಲಾ, ಎಂದೋ ಮರತಾಳ."

"ಹಂಗಾರ ಆತು" ಅಂದಳು. ಆಕೆಯ ಮುಖ ಹಗುರವಾಯಿತು. ಆ ಸುಳ್ಳಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಅದಾದ ಮೇಲಿನ ಭಾನುವಾರ ಶಿಗ್ಲಿಗೆ ಹೋಗಿ, ಖಾಲಾ ಹೋದಳು ಎಂದು ಹೇಳಿದೆ. ಗವಸು ನಾನಿಯ ತಲೆಯ ಕೆಳಗೇ ಇತ್ತು. ನನಗೆ ತಡೆಯಲಾಗಲಿಲ್ಲ, ಹಾಸಿಗೆಯ ಹತ್ತಿರ ಕೂತು ಎಲ್ಲ ಒಪ್ಪಿಕೊಂಡೆ. "ನಾನಿ, ತಪ್ಪು ನಂದು. ಶಿಗ್ಲಿ ಅಂತ ಬರೀಬ್ಯಾಡ ಅಂತ ಆಕಿಗೆ ನಾನ ಕಾಗದ ಹಾಕಿದ್ದೆ. ಆಕಿ ಬರಾಕ ಬಡಕೊಂಡ್ಲು, ನಾವ ಬಿಡಲಿಲ್ಲ."

ನಾನಿ ತಡವರಿಸಿ ನನ್ನ ತಲೆ ಹುಡುಕಿ, ಸವರಿದಳು.

"ಇರಲಿ ಬಿಡವ್ವ. ಆಕಿ ಮ್ಯಾಲ ಮಾತು ಬರಬಾರದಂತ ನೀ ನಿನ್ನ ಮ್ಯಾಲ ಹಾಕ್ಕೊಂಡಿ. ಒಳ್ಳೆ ಹುಡುಗಿ ನೀ." ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ, ಒಂದು ನಮೂನೆ ಹೆಮ್ಮೆಯಿಂದಲೇ ಹೇಳಿದಳು, "ಹೊಸ್ತಲಾ ತುಳ್ಯಾಂಗಿಲ್ಲ ಅಂದಿದ್ಲು. ಗದಗಿನ ತನಕ ಬಂದು, ತುಳಿಯದನ ತಿರುಗಿ ಹೋದ್ಲು. ನನ್ನ ಮಗಳು ಮಾತಿಗೆ ತಪ್ಪಾಕಿ ಅಲ್ಲ."