ಹಾಲು ಸವರಿದ ಬಿಸ್ಕತ್ತು

ನೂರಾ, ನಿನ್ನ ಅಮ್ಮ ಈದ್ ಹಬ್ಬಕ್ಕೆ ಕೊಡುತ್ತಿದ್ದ ಖರ್ಜೂರದ ಬಿಸ್ಕತ್ತುಗಳಲ್ಲಿ ಒಂದನ್ನೂ ನಾನು ತಿಂದಿಲ್ಲ. ಆರು ವರ್ಷ — ಒಂದನ್ನೂ. ಎಲ್ಲವೂ ಕಸದ ಚೀಲಕ್ಕೆ ಹೋದವು. ನಿನಗೆ ಕನ್ನಡ ಬಾರದೆಂದು ಗೊತ್ತಿದ್ದೂ ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಾದರೆ ನಾನು ಸಭ್ಯಳಾಗಿಬಿಡುತ್ತೇನೆ, ಸಭ್ಯಳಾದರೆ ಸುಳ್ಳು ಹೇಳುತ್ತೇನೆ.

ತೊಂಬತ್ತರ ದಶಕ. ಪರದೇಶದ ಈ ಊರಿನ ಗ್ರೀನ್‌ಫರ್ಡ್ ಬಡಾವಣೆಯಲ್ಲಿ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಒಂದೇ ಗೋಡೆ. ನೀವು ಬಾಗ್ದಾದಿನಿಂದ ಬಂದವರು, ನಾವು ಧಾರವಾಡದವರು. ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ನಾನು ಮನೆಯಲ್ಲಿ. ಸಮೀರಾ — ನಿನ್ನ ಅಮ್ಮ — ಮೊದಲ ಸಲ ತಟ್ಟೆ ಹಿಡಿದು ಬಂದಾಗ ಬಾಯಿತುಂಬ ನಕ್ಕು ತೆಗೆದುಕೊಂಡೆ. ಬಾಗಿಲು ಹಾಕಿದ ಮೇಲೆ ಗಂಡನಿಗೆ ಹೇಳಿದೆ: "ತತ್ತಿ ಹಾಕಿರ್ತಾರ. ಮಾಂಸದ ಭಾಂಡೆದಾಗನ ಮಾಡಿರ್ತಾರ. ನಮಗ ನಡೆಯೂದಿಲ್ಲ."

"ಬಾಜೂಕನ ಇದ್ದಾರಲ್ಲ, ಕೇಳಿದ್ರ ಏನಾಗ್ತದ?" ಅಂದರು ಅವರು.

ಕೇಳಲಿಲ್ಲ. ಕೇಳಿದರೆ ಅವಳಿಗೆ ಬೇಜಾರಾದೀತು ಎಂದು ನನಗೆ ನಾನೇ ಹೇಳಿಕೊಂಡೆ — ಎಂಥ ನಾಜೂಕು ನನ್ನದು! ಖಾಲಿ ತಟ್ಟೆ ವಾಪಸು ಕೊಡಬಾರದೆನ್ನುವ ನಮ್ಮ ರೂಢಿಯನ್ನು ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ತೊಳೆದ ತಟ್ಟೆಯಲ್ಲಿ ಸಕ್ಕರೆ ಹಾಕಿಕೊಂಡು ಹೋಗಿ, ಬಹಳ ರುಚಿಯಾಗಿತ್ತು ಎಂದು ಹೇಳಿ ಬರುತ್ತಿದ್ದೆ.

ಆರನೆಯ ವರ್ಷ, ಹಬ್ಬದ ಮರುದಿನ, ರಾತ್ರಿ ಇಲ್ಲಿನ ಬೀದಿಗಳಲ್ಲಿ ಅಲೆಯುವ ನರಿಯೊಂದು ನಮ್ಮ ಕಸದ ಚೀಲ ಹರಿದುಹಾಕಿತ್ತು. ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ — ಎರಡೂ ಮನೆಗಳ ಮುಂದಿನ ದಾರಿಯಲ್ಲಿ ಚೆಲ್ಲಿದ್ದ ಬಿಸ್ಕತ್ತುಗಳನ್ನು ಸಮೀರಾ ಬಗ್ಗಿ ಒಂದೊಂದಾಗಿ ಆರಿಸುತ್ತಿದ್ದಾಳೆ. ನಾನು ಪರದೆಯ ಹಿಂದೆ ಸರಿದೆ. ಹೊರಗೆ ಹೋಗಿ ಒಂದು ಮಾತು... ಹೋಗಲಿಲ್ಲ. ಮುಂದಿನ ಈದ್‌ಗೆ ತಟ್ಟೆ ಬರಲಿಲ್ಲ. ಎದುರು ಸಿಕ್ಕಾಗ ಅವಳು ಮೊದಲಿನಂತೆಯೇ ನಗುತ್ತಿದ್ದಳು, ಮಕ್ಕಳ ಬಗ್ಗೆ ವಿಚಾರಿಸುತ್ತಿದ್ದಳು. ನಿಜ ಹೇಳುತ್ತೇನೆ — ನನಗೆ ನಿರಾಳವೆನಿಸಿತ್ತು.

ಕಳೆದ ವಾರ ಹೌನ್ಸ್ಲೋದ ಹಾಲ್‌ನಲ್ಲಿ ನಿನ್ನ ಸಿನಿಮಾ ನೋಡಿದೆ. ಅಮ್ಮ ತೀರಿಕೊಂಡ ಮೇಲೆ ನೀನು ಮಾಡಿದ, ನಿಮ್ಮ ಮನೆಯದೇ ಕಥೆ. ಅದರಲ್ಲಿ ಅಮ್ಮನ ಪಾತ್ರದವಳು ಹಿಟ್ಟನ್ನು ಎರಡು ಪಾಲು ಮಾಡುತ್ತಾಳೆ. ಒಂದು ಪಾಲಿನ ಬಿಸ್ಕತ್ತುಗಳ ಮೇಲೆ ತತ್ತಿ ಸವರುತ್ತಾಳೆ, ಇನ್ನೊಂದರ ಮೇಲೆ ಹಾಲು. ಹಾಲಿನದಕ್ಕೆ ಬೇರೆಯೇ ಟ್ರೇ, ಹೊಚ್ಚ ಹೊಸದು. ಮಗಳು ಮುಟ್ಟಲು ಹೋದರೆ ಗದರುತ್ತಾಳೆ — ಅದು ಪಕ್ಕದ ಮನೆಯ ಆಂಟಿಗೆ, ಅವರು ತತ್ತಿ, ಮಾಂಸ ತಿನ್ನುವುದಿಲ್ಲ. ನಾನು ಕೇಳದೇ ಬಿಟ್ಟದ್ದನ್ನು ಸಮೀರಾ ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು.

ಆಮೇಲೊಂದು ದೃಶ್ಯದಲ್ಲಿ ಅವಳು ಆ ಟ್ರೇಯನ್ನು ಅಟ್ಟಕ್ಕೆ ಸೇರಿಸುತ್ತಾಳೆ. ಮತ್ತೆಂದೂ ಹಬ್ಬಕ್ಕೆ ಬಿಸ್ಕತ್ತು ಮಾಡುವುದಿಲ್ಲ. ಊರಿನ ನೆನಪು ತಾಳಲಾರದೆ ಬಿಟ್ಟಳು ಎಂದು ನೀನು ತೋರಿಸಿದ್ದೀಯ. ಸುತ್ತಲಿನವರು ಕಣ್ಣೊರೆಸಿಕೊಂಡರು. ಯಾಕೆ ಬಿಟ್ಟಳೆಂದು ಆ ಹಾಲ್‌ನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಸಿನಿಮಾ ಮುಗಿದ ಮೇಲೆ ನೀನು ಬಂದು ನನ್ನ ಕೈ ಹಿಡಿದೆ. "ಅಮ್ಮನ ಕೈರುಚಿ ಕಂಡವರು ನಮ್ಮ ಬೀದಿಯಲ್ಲಿ ನೀವೊಬ್ಬರೇ, ಆಂಟಿ," ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷದ ಮೇಲೂ!

ಅವಳು ಕೊನೆಯವರೆಗೂ ನಿನಗೆ ಹೇಳಲಿಲ್ಲ. ನನ್ನ ಮರ್ಯಾದೆ ಕಾಯ್ದಳು — ಅವಳದನ್ನು ನಾನು ಕಾಯಲಿಲ್ಲ.

ಶನಿವಾರ ಟೂಟಿಂಗ್‌ನಲ್ಲಿ ಇನ್ನೊಂದು ಪ್ರದರ್ಶನವಿದೆ. ಅಮ್ಮನ ಗೆಳತಿಯಾಗಿ ವೇದಿಕೆಯಲ್ಲಿ ಮಾತಾಡಿ ಎಂದು ಕರೆದಿದ್ದೀಯ. ಅದಕ್ಕೂ ಮೊದಲು ನಿನ್ನ ಮನೆಗೆ ಬಂದು ಇದನ್ನೆಲ್ಲ ಹೇಳುತ್ತೇನೆ. ಹೇಳಿದರೆ, ಈ ಊರಿನಲ್ಲಿ ಅವಳಿಗೆ ಒಬ್ಬಳಾದರೂ ಗೆಳತಿಯಿದ್ದಳು ಎಂಬ ನಿನ್ನ ಸಮಾಧಾನವನ್ನು ಕಿತ್ತುಕೊಂಡಂತಾಗುತ್ತದೆ. ಗೊತ್ತು. ಆದರೂ ಬರುತ್ತೇನೆ. ಅವಳಿಗೆ ಗೆಳತಿ ಇರಲೇ ಇಲ್ಲ, ನೂರಾ.