ಬರೀ ‘ಓ’ ಅಂದರೆ ಸಾಲದು

ನಮ್ಮ ಮನೆಯ ಗಂಡಸರು ಸಮುದ್ರದಲ್ಲಿ ಒಬ್ಬರನ್ನೊಬ್ಬರು ಕೂಗಿದರೆ ಬರೀ ‘ಓ’ ಅನ್ನುವಂತಿಲ್ಲ. ಅಜ್ಜನ ಕಾಲದಲ್ಲಿ ಚುಕ್ಕಾಣಿ ಮುರಿದ ದೋಣಿಯಿಂದ ಯಾರೋ ‘ಓ’ ಅಂದರಂತೆ. ದನಿ ಕೇಳಿತಲ್ಲ ಎಂದು ಜೊತೆಯ ದೋಣಿ ಮಂಜಗುಣಿಯ ಅಳಿವೆಗೆ ತಿರುಗಿ ಮನೆ ಸೇರಿತು. ಮುರಿದದ್ದು ಎಲ್ಲೋ ತೇಲುತ್ತಾ ಉಳಿಯಿತು. ಅಂದಿನಿಂದ ‘ಓ’ ಅಂದಮೇಲೆ ದೋಣಿ ಹೇಗಿದೆ, ತಾನು ಹೇಗಿದ್ದೇನೆ, ಎರಡನ್ನೂ ಹೇಳಬೇಕು. ಅಪ್ಪ ಈ ಕಾನೂನನ್ನು ಅಡುಗೆಮನೆಗೂ ತಂದಿದ್ದ. ಶಾಲೆಯಲ್ಲಿ ಹಾಜರಿ ಕರೆದಾಗ ‘ಓ, ನೆಗಡಿ ಅದೆ’ ಎಂದು ಕೂಗಿ ನಾನು ಇಡೀ ತರಗತಿಯನ್ನು ನಗಿಸಿದ್ದೆ.

ಈಗ ನಾನು ಕಾರವಾರದಲ್ಲಿ ಒಂದು ಮೀನುಗಾರರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಮೊಬೈಲ್ ಸಿಗದಷ್ಟು ದೂರ ಹೋದ ದೋಣಿಗಳಲ್ಲಿ ಒಂದೊಂದು ಡಬ್ಬಿ ಇರುತ್ತದೆ. ಅದು ಉಪಗ್ರಹದ ಮೂಲಕ ಕಳಿಸಿದ ಸುದ್ದಿ ಇಂಟರ್ನೆಟ್‌ನಲ್ಲಿ ನಮ್ಮ ಕಚೇರಿಯ ಪರದೆಗೆ ಬರುತ್ತದೆ. ಒಂದು ಚುಕ್ಕೆ ಎಂದರೆ ಒಂದು ದೋಣಿ.

ಆ ದಿನ ಗಾಳಿಯ ಮುನ್ಸೂಚನೆ ಬಂದು ಎಲ್ಲರಿಗೂ ವಾಪಸು ಬರಲು ಹೇಳಿಯಾಗಿತ್ತು. ನನ್ನ ತಮ್ಮ ಹೊರಗಿದ್ದ. ಅಪ್ಪ ಬೆಳಗ್ಗೆಯೇ ಅಂಕೋಲೆಯಿಂದ ಬಸ್ಸು ಹತ್ತಿ ಬಂದು, ಕುರ್ಚಿ ಕೊಟ್ಟರೂ ಕೂರದೆ ಪರದೆಯ ಎದುರು ನಿಂತಿದ್ದ. ಚುಕ್ಕೆಗಳೆಲ್ಲ ಹಾಯಾಗಿದ್ದವು. ಕಿಟಕಿಯ ಹೊರಗೆ ತೆಂಗಿನ ಗರಿಗಳು ಹರಿದುಹೋಗುವಂತೆ ಬಡಿದುಕೊಳ್ಳುತ್ತಿದ್ದವು. ಇಂಥ ಗಾಳಿಯಲ್ಲಿ ಒಂದು ದೋಣಿಯೂ ಅಲುಗುತ್ತಿಲ್ಲ ಎಂದರೆ ಏನು? ಪರದೆಯೇ ನಿಂತುಹೋಗಿತ್ತು.

‘ನೆಟ್ ಅದೆಯಲ್ಲ ತಂಗಿ, ನಂದು ಸರಾಗ ಓಡ್ತದೆ,’ ಎಂದರು ಪಕ್ಕದ ಮೇಜಿನ ಗುಮಾಸ್ತರು.

ಅವರದು ಓಡುತ್ತಿತ್ತು, ನಿಜ. ನಮ್ಮಲ್ಲಿ ಹೊರಗಿನ ಎರಡು ಲೈನುಗಳಿಗೆ ಎರಡು ರೌಟರುಗಳಿವೆ. ನನ್ನದೂ ಸೇರಿ ಅರ್ಧ ಮೇಜುಗಳಿಗೆ ಮೊದಲನೆಯದು ಬಾಗಿಲು, ಗುಮಾಸ್ತರದೂ ಸೇರಿ ಉಳಿದರ್ಧಕ್ಕೆ ಎರಡನೆಯದು. ಹೊರೆ ಹಂಚಿಕೆಯಾಗುತ್ತದೆ, ಒಂದು ಸತ್ತರೆ ಇನ್ನೊಂದು ಎರಡೂ ಪಾಲು ಹೊರುತ್ತದೆ. ಸತ್ತಿದೆ ಎಂದು ತಿಳಿಯಲು ಅವು ಗಳಿಗೆಗೊಮ್ಮೆ ಒಂದಕ್ಕೊಂದು ‘ಇದ್ದೇನೆ’ ಎನ್ನುತ್ತಿರುತ್ತವೆ. ಆ ದನಿ ನಿಂತರೆ ಮಾತ್ರ ಎರಡನೆಯದು ಕೈಹಾಕುತ್ತದೆ.

ಬಾಳೆಗುಳಿಯ ಹತ್ತಿರ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದಾರೆಂದು ಮೊದಲ ಲೈನಿನವರಿಂದ ಫೋನಿನಲ್ಲಿ ತಿಳಿಯಿತು. ರೌಟರಿಗೇನೂ ಆಗಿರಲಿಲ್ಲ. ಹೊರಗೆ ಹೋಗುವ ದಾರಿಯೇ ಇಲ್ಲದೆ, ಅದು ಪಕ್ಕದ್ದಕ್ಕೆ ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಇತ್ತು. ದಾರಿ ಇದೆಯೋ ಇಲ್ಲವೋ ನೋಡಿ ಹೇಳು ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಜೋಡಿಸಿಹೋದ ಗುತ್ತಿಗೆದಾರನಿಗೆ ಫೋನ್ ಮಾಡಿದರೆ, ‘ಎರಡರಲ್ಲೂ ಹಸಿರು ದೀಪ ಉಂಟಲ್ಲ ಮೇಡಂ’ ಎಂದ. ಕೈಲಾಗದವಳು ಮೈ ಪರಚಿಕೊಂಡ ಹಾಗೆ ಅವನನ್ನು ಬೈದು ಫೋನಿಟ್ಟೆ.

ಉಳಿದದ್ದು ಒಂದೇ ಉಪಾಯ. ಸುಳ್ಳು ಹೇಳುತ್ತಿರುವುದರ ಬಾಯಿ ಮುಚ್ಚಿಸುವುದು. ನಾನು ಮೊದಲ ರೌಟರಿನ ಪ್ಲಗ್ಗಿಗೆ ಕೈ ಹಾಕಿದಾಗ ಗುಮಾಸ್ತರು ಅಡ್ಡ ಬಂದರು.

‘ಇದ್ದದ್ದೂ ಹೋದ್ರೆ ಏನ್ ಮಾಡೂದು?’

ಅವರ ಹೆದರಿಕೆ ನನ್ನದೂ ಆಗಿತ್ತು. ಎರಡನೆಯದು ಒಂಟಿಯಾಗಿ ಇಡೀ ಕಚೇರಿ ಹೊತ್ತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಅಪ್ಪನ ಕಡೆ ನೋಡಿದೆ.

‘ನಂಗೆ ಇದೆಲ್ಲ ಗೊತ್ತಾಗೂದಿಲ್ಲ ಮಗಾ,’ ಎಂದ ಅಪ್ಪ. ‘ಅವ ಎಲ್ಲಿದ್ದಾ ಅಂತ ಹೇಳು, ಸಾಕು.’

ಪ್ಲಗ್ ಕಿತ್ತೆ.

ಗುಮಾಸ್ತರ ಪರದೆಯೂ ಒಮ್ಮೆ ತಡವರಿಸಿತು. ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ಚುಕ್ಕೆಗಳೆಲ್ಲ ಒಟ್ಟಿಗೆ ಜಿಗಿದವು, ದಡದ ಕಡೆಗೆ. ಒಂದು ಮಾತ್ರ ಉತ್ತರಕ್ಕೆ ಜಾರಿ, ಉಳಿದವುಗಳಿಂದ ದೂರ ಹೋಗಿತ್ತು. ಅದು ಕೆಂಪಾಗಿತ್ತು. ತಮ್ಮನ ದೋಣಿ ಯಾವಾಗಲೋ ಸಹಾಯ ಕೇಳಿ ಕಳಿಸಿದ ಸುದ್ದಿ ಈಗ ನಮ್ಮನ್ನು ಮುಟ್ಟಿತ್ತು. ಅವರ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತ್ತಂತೆ. ದಡಕ್ಕೆ ಗೊತ್ತಾಯಿತೆಂದು ನಂಬಿ ಕೂತಿದ್ದರಂತೆ. ಇದನ್ನು ತಮ್ಮ ಆಮೇಲೆ ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ತಮ್ಮನ ದೋಣಿಗೆ ಹತ್ತಿರವಿದ್ದ ದೋಣಿಯ ಡಬ್ಬಿಗೆ ಸಂದೇಶ ಕಳಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಆ ಚುಕ್ಕೆ ಬಂದ ದಾರಿಗೇ ತಿರುಗಿ, ಕೆಂಪು ಚುಕ್ಕೆಯ ಕಡೆ ಹೊರಟಿತು.

ಸಂಜೆ ಬಂದರಿನಲ್ಲಿ ಗಾಳಿ ಇನ್ನೂ ನಿಂತಿರಲಿಲ್ಲ. ಒಂದು ದೋಣಿ ಇನ್ನೊಂದನ್ನು ಹಗ್ಗ ಕಟ್ಟಿ ಎಳೆದು ತರುತ್ತಿತ್ತು. ಮಳೆಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಅಪ್ಪ ಎರಡೂ ಕೈಗಳನ್ನು ಬಾಯಿಗೆ ಹಿಡಿದು ತಮ್ಮನ ಹೆಸರು ಕೂಗಿದ.

‘ಓ...’ ಎಂದು ಕೇಳಿತು.

ಅಪ್ಪ ಅಲುಗಲಿಲ್ಲ. ಕಾಯುತ್ತಾ ನಿಂತ.

‘ಎಂಜಿನ್ ಸತ್ತದೆ, ಅಪ್ಪಾ! ನಾ ಬದ್ಕಿದ್ದೇನೆ!’

ಬೆಳಗ್ಗೆಯಿಂದ ನಿಂತೇ ಇದ್ದ ಅಪ್ಪ ಆಗ, ಅಲ್ಲೇ ಇದ್ದ ಒದ್ದೆ ಬಲೆಯ ಗುಡ್ಡೆಯ ಮೇಲೆ ಕೂತ.